ದ್ವೀಪದಲ್ಲಿದ್ದೂ ಗಡಿಯ ಕೆಲಸ ಮರೆಯದಂತೆ ನೋಡಿಕೊಂಡ ಬಗೆ

ಐಪಿಕೆಎಫ್ (ಶ್ರೀಲಂಕೆಗೆ ಹೋದ ಭಾರತೀಯ ಶಾಂತಿಪಾಲನಾ ಪಡೆ) ದಿನಗಳಲ್ಲಿ ನಾನು ಪದಾತಿ ಬೆಟಾಲಿಯನ್ನೊಂದರ ಅಡ್ಜುಟೆಂಟ್, ಅಂದರೆ ಅದರ ಆಡಳಿತ ನೋಡುವ ಅಧಿಕಾರಿ, ಆಗಿದ್ದೆ. 1987ರ ಜುಲೈ 29ರ ಭಾರತ-ಶ್ರೀಲಂಕಾ ಒಪ್ಪಂದದ ಬೆನ್ನಿಗೆ ಶ್ರೀಲಂಕೆಗೆ ಹೋದದ್ದು ಒಂದು ಡಿವಿಷನ್. ಮುಂದೆ ಅದು ನಾಲ್ಕಾಯಿತು. ಅದೇ ವೇಳೆಗೆ ಸಿಯಾಚಿನ್‌ಗೂ ಪಂಜಾಬಿಗೂ ಜನ ಬೇಕಿತ್ತು. ಯುದ್ಧವಾದರೆ ನಾವು ನಿಲ್ಲಬೇಕಾಗಿದ್ದದ್ದು ಪಶ್ಚಿಮ ಗಡಿಯಲ್ಲಿ, ಟ್ಯಾಂಕುಗಳ ಎದುರು. ನಾನು ದಿನವೂ ಸಹಿ ಹಾಕುತ್ತಿದ್ದ ಪರೇಡ್ ಸ್ಟೇಟ್‌ನಲ್ಲಿ ತಲೆಗಳ ಲೆಕ್ಕ ಸರಿಯಾಗಿಯೇ ಇರುತ್ತಿತ್ತು. ಆ ತಲೆಗಳಲ್ಲಿ ಎಷ್ಟು ಮಂದಿ ಇನ್ನೂ ಟ್ಯಾಂಕ್ ಹೊಡೆಯಬಲ್ಲರು ಎಂಬುದಕ್ಕೆ ಅದರಲ್ಲಿ ಕಾಲಮ್ಮೇ ಇರಲಿಲ್ಲ.

ದ್ವೀಪದಲ್ಲಿ ನಮ್ಮ 106 ಮಿ.ಮೀ. ಆರ್‌ಸಿಎಲ್‌ಗಳು (ಟ್ಯಾಂಕ್ ಹೊಡೆಯುವ ರಿಕಾಯಿಲ್‌ಲೆಸ್ ಗನ್ನುಗಳು) ಗೋಡೆ, ಬಂಕರುಗಳಿಗೆ ಹೊಡೆದವು. ಗನ್ನರುಗಳು ಉಳಿದ ದಿನಗಳಲ್ಲಿ ರೈಫಲ್ ಹಿಡಿದು ಗಸ್ತು ತಿರುಗಿದರು. ವರ್ಷ ಕಳೆದ ಮೇಲೆ ರಜೆಗೆ ಬಂದ ಒಂದು ಡಿಟ್ಯಾಚ್‌ಮೆಂಟನ್ನು (ಒಂದು ಗನ್ನಿನ ತಂಡವನ್ನು) ಮೂಲ ಠಾಣೆಯ ರೇಂಜಿನಲ್ಲಿ ಪರೀಕ್ಷಿಸಿದೆ. ರಾಟೆಗೆ ಹಗ್ಗ ಹಾಕಿ ಜೀಪಿನಿಂದ ಎಳೆಸಿದ ಗೋಣಿತಾಟಿನ ಗುರಿಗೆ, ಸ್ಪಾಟಿಂಗ್ ರೈಫಲ್‌ನ (ಗುರಿ ಸರಿಯಿದೆಯೇ ಎಂದು ನೋಡಲು ಗನ್ನಿಗೇ ಜೋಡಿಸಿದ ರೈಫಲ್‌ನ) ಹತ್ತು ಗುಂಡುಗಳಲ್ಲಿ ಎರಡೋ ಮೂರೋ ತಾಗಿದವು. ನಿಂತ ಗೋಡೆಗೇ ಹೊಡೆದು ಹೊಡೆದು, ಓಡುವ ಗುರಿಗೆ ಎಷ್ಟು ಲೀಡ್ ಕೊಡಬೇಕು, ಅಂದರೆ ಅದರ ಎಷ್ಟು ಮುಂದಕ್ಕೆ ಗುರಿಯಿಡಬೇಕು ಎಂಬುದನ್ನು ಆ ನುರಿತ ಹವಾಲ್ದಾರರ ಕಣ್ಣೇ ಮರೆತಿತ್ತು. ಆ ದಿನ ನನಗೆ ನಿದ್ದೆ ಬರಲಿಲ್ಲ.

ರಜೆಯ ಪಾಳಿಯೊಂದಿಗೇ ತಾಲೀಮನ್ನು ಜೋಡಿಸಬೇಕೆಂದು ನಾನು ಹೇಳಿದಾಗ ಕಂಪನಿ ಕಮಾಂಡರುಗಳು ಒಪ್ಪಲಿಲ್ಲ, ಏಕೆಂದರೆ ಐದು ದಿನ ನಾಲ್ಕು ಜನ ಕಡಿಮೆಯಾದರೆ ಗಸ್ತಿಗೆ ಆಳು ಸಾಲದು. ಮೊದಲ ಪ್ರಯತ್ನ ನನ್ನ ತಪ್ಪಿನಿಂದಲೇ ಕೆಟ್ಟಿತು: ತಾಲೀಮನ್ನು ರಜೆಗೆ ಮುಂಚೆ ಇಟ್ಟಿದ್ದೆ, ಮನೆಯ ದಾರಿ ನೋಡುತ್ತಿದ್ದವರ ಮನಸ್ಸು ಗನ್ನಿನ ಮೇಲೆ ನಿಲ್ಲಲಿಲ್ಲ. ಸೂಬೇದಾರ್ ಮೇಜರ್ ಸಾಹೇಬರು ಮುಖಕ್ಕೇ ಹೇಳಿದರು, "ಸಾಬ್, ಮೊದಲು ಅವರು ಮಕ್ಕಳ ಮುಖ ನೋಡಿ ಬರಲಿ." ರಜೆ ಮುಗಿಸಿ ಬಂದವರಿಗೆ ತಾಲೀಮು ಕೊಟ್ಟಾಗ ಕೆಲಸ ಹಿಡಿಯಿತು. ಇಡೀ ಡಿಟ್ಯಾಚ್‌ಮೆಂಟ್ ಒಟ್ಟಿಗೇ ರಜೆಗೆ ಹೋಗಬೇಕು. ಒಬ್ಬೊಬ್ಬರನ್ನೇ ಬಿಟ್ಟರೆ ಏನೂ ಸಿಗುವುದಿಲ್ಲ.

ನಡುವೆ ದ್ವೀಪದಲ್ಲೇ, ಗುಂಡಿಲ್ಲದೆ, ಎತ್ತಿನ ಗಾಡಿಯನ್ನು ಗುರಿಯಾಗಿಸಿ ಅಭ್ಯಾಸ ಮಾಡಿಸಿಯೂ ನೋಡಿದೆ. ಊರವರು ಹೆದರಿದರು, ಗುಂಡು ಎಲ್ಲಿ ಬಿತ್ತೆಂದು ಕಾಣದೆ ಗನ್ನರ್ ಕಲಿಯುವುದೂ ಇಲ್ಲ. ಎರಡೇ ದಿನಕ್ಕೆ ನಿಲ್ಲಿಸಿದೆ.

ಬಿದಿರು, ಗೋಣಿ, ಹಗ್ಗಗಳಿಗೆ ರೆಜಿಮೆಂಟಲ್ ಫಂಡ್‌ನಿಂದ ವರ್ಷಕ್ಕೆ ಒಂಬತ್ತು ಸಾವಿರ ರೂಪಾಯಿಯಷ್ಟು ಹೋಯಿತು, ಅದಕ್ಕೆ ಆಡಿಟ್ ಆಕ್ಷೇಪಣೆಯೂ ಬಂತು. ಗುಂಡುಗಳಿಗೆ ಖರ್ಚಾಗಲಿಲ್ಲ: ಮೂಲ ಠಾಣೆಯಲ್ಲೇ ಉಳಿದ ರಿಯರ್ ಪಾರ್ಟಿಯ ಬಳಿ ಬಳಕೆಯಾಗದೆ ವ್ಯರ್ಥವಾಗುತ್ತಿದ್ದ ತಾಲೀಮಿನ ಕೋಟಾ ಸಾಕಾಯಿತು. ಮದ್ರಾಸಿನಲ್ಲಿ ಹಡಗಿಗಾಗಿ ವಾರಗಟ್ಟಲೆ ಕಾಯುವುದನ್ನು ಹೇಗೆ ತಪ್ಪಿಸಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ. ಅದಕ್ಕೆ ನೆರವಾದವರು ನನ್ನನ್ನು ನಂಬಿ ನೆರವಾಗಿದ್ದರು.

ಕೊನೆಯ ತುಕಡಿ 1990ರ ಮಾರ್ಚ್ 24ರಂದು ಟ್ರಿಂಕೋಮಲಿ ಬಿಟ್ಟಿತು. ನಾವು ಅದಕ್ಕೂ ಕೆಲವು ವಾರ ಮೊದಲೇ ಮರಳಿದ್ದೆವು. ಅದೇ ತಿಂಗಳ ತಪಾಸಣೆಯಲ್ಲಿ ನಮ್ಮ ಎಲ್ಲ ಡಿಟ್ಯಾಚ್‌ಮೆಂಟುಗಳೂ, ಒಂದನ್ನು ಬಿಟ್ಟು, ಓಡುವ ಗುರಿಯಲ್ಲಿ ತೇರ್ಗಡೆಯಾದವು. ಅಷ್ಟರಲ್ಲಿ ಕಾಶ್ಮೀರ ಹೊತ್ತಿಕೊಂಡಿತ್ತು. ಅಲ್ಲಿಗೆ ಹೊರಡುವ ಆದೇಶ ಬಂದ ಸಂಜೆ, ತಾಲೀಮಿನ ರಿಜಿಸ್ಟರಿನಲ್ಲಿ ಗನ್ನರುಗಳ ಹೆಸರಿನ ಹೊಸ ಪುಟ ತೆರೆದೆ.