ಏಳು ರಾತ್ರಿಯ ಹಡಗು, ಎರಡು ಜೋಡಿ ಶೂ: ನನ್ನ ಅನುಭವ

ಐದು ಜೋಡಿ ಶೂ ಹೊತ್ತು ಹಡಗು ಹತ್ತಿದ್ದ ನಮ್ಮ ಭಾವ ಐದನೆಯ ರಾತ್ರಿ ನನ್ನ ಕ್ಯಾಬಿನ್ನಿನ ಬಾಗಿಲು ತಟ್ಟಿ, "ನಿಮ್ಮದು ಎಷ್ಟನೇ ನಂಬರಿನ ಶೂ?" ಎಂದು ಕೇಳಿದರು. ನನ್ನದು ಎಂಟು, ಅವರದು ಹತ್ತು. ಕೊಡುವಂತಿರಲಿಲ್ಲ. ಕೊಡುವಂತಿದ್ದರೂ ಸ್ವಲ್ಪ ಹೊತ್ತು ಕಾಯಿಸುತ್ತಿದ್ದೆನೇನೋ. ಹೊರಡುವ ಮುಂಚೆ ಮನೆಯವರೆಲ್ಲರ ಎದುರು, "ಏಳು ರಾತ್ರಿಗೆ ಎರಡೇ ಜೋಡಿಯೇ? ಊಟದ ಕೋಣೆಯ ಬಾಗಿಲಲ್ಲೇ ನಿಲ್ಲಿಸುತ್ತಾರೆ, ನೋಡುತ್ತಿರಿ" ಎಂದು ನಕ್ಕವರು ಅವರೇ. ಸೇನೆಯಲ್ಲಿ ಇಪ್ಪತ್ತೆಂಟು ವರ್ಷ ಬೂಟಿಗೆ ಹೊಳಪು ಕೊಟ್ಟವರು. ಶೂ ವಿಷಯದಲ್ಲಿ ಅವರ ಮಾತಿಗೆ ನಮ್ಮ ಕುಟುಂಬದಲ್ಲಿ ಎದುರಾಡುವವರಿಲ್ಲ.

ಅದು ನನ್ನ ಮೂರನೆಯ ಹಡಗು ಪ್ರಯಾಣ. ಮೊದಲೆರಡರಲ್ಲಿ ನಾನೂ ಮಣ್ಣು ಮುಕ್ಕಿದವನೇ.

ಮೊದಲನೆಯದು 2018ರಲ್ಲಿ, ಸಿಂಗಾಪುರದಿಂದ ಹೊರಟು ಪೆನಾಂಗ್, ಫುಕೆಟ್ ಮುಟ್ಟಿ ಮರಳುವ ಐದು ರಾತ್ರಿಯದು. ನಾಲ್ಕು ಜೋಡಿ ಶೂಗಳನ್ನು ದೊಡ್ಡ ಪೆಟ್ಟಿಗೆಯೊಳಗೆ ತುರುಕಿ, ಕಾಲಿಗೆ ಆರಾಮವಾಗಲಿ ಎಂದು ಸ್ಯಾಂಡಲ್ ಹಾಕಿಕೊಂಡು ಹೊರಟೆ. ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲೇ ತೆಗೆದುಕೊಂಡು ಆಮೇಲೆ ಕ್ಯಾಬಿನ್ನಿಗೆ ತಲುಪಿಸುತ್ತಾರೆ ಎಂಬುದು ನಿಮಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಆದರೆ ಮೊದಲ ರಾತ್ರಿಗೆ ರಿಯಾಯಿತಿ ಇದೆಯೆಂದು, ಟಿಕೆಟ್ಟಿನ ಊಟ ಬಿಟ್ಟು ಬೇರೆಯಾಗಿ ಹಣ ಕೊಟ್ಟು ಊಟ ಮಾಡುವ ರೆಸ್ಟೋರೆಂಟಿನಲ್ಲಿ ಆರೂವರೆಗೆ ಮೇಜು ಕಾಯ್ದಿರಿಸಿದ್ದೆ. ಪೆಟ್ಟಿಗೆ ಬಂದಿದ್ದು ಒಂಬತ್ತಕ್ಕೆ. ಬಾಗಿಲಲ್ಲಿ ನಿಂತಿದ್ದ ಹುಡುಗಿ ನನ್ನ ಮುಖ ನೋಡುವ ಮೊದಲು ಕಾಲು ನೋಡಿದಳು. ನಗುನಗುತ್ತಲೇ ವಾಪಸು ಕಳಿಸಿದಳು. ಕೋಟು ಇಲ್ಲದವರಿಗೆ ಕೆಲವು ಕಡೆ ಕೋಟನ್ನು ಎರವಲು ಕೊಡುತ್ತಾರೆ, ಶೂ ಯಾರೂ ಕೊಡುವುದಿಲ್ಲ. ಮೇಲಿನ ಅಂತಸ್ತಿನ ಬಫೆಯಲ್ಲಿ ನೂಡಲ್ಸ್ ತಿಂದು ಮಲಗಿದೆವು. ಮೇಜಿನ ಹಣದಲ್ಲಿ ಮರಳಿ ಬಾರದೆ ಹೋದದ್ದು ಇಬ್ಬರಿಗೂ ಸೇರಿ ನಾಲ್ಕು ಸಾವಿರದ ಆಸುಪಾಸು.

ಎರಡನೆಯ ಪ್ರಯಾಣ 2023ರಲ್ಲಿ, ಅದೇ ದಾರಿ. ಈ ಸಲ ಜಾಣನಾಗಿದ್ದೆ. ಮಗಳ ಮದುವೆಗೆಂದು ಕೊಂಡು, ಒಂದೇ ದಿನ ಹಾಕಿ ಬೀರುವಿನಲ್ಲಿ ಇಟ್ಟಿದ್ದ ಕಪ್ಪು ಶೂವನ್ನು ಕೈಚೀಲದಲ್ಲೇ ಒಯ್ದೆ. ಐದು ಸಾವಿರದ ಶೂ, ಹೊಚ್ಚ ಹೊಸದರಂತೆ ಹೊಳೆಯುತ್ತಿತ್ತು. ಎರಡನೆಯ ರಾತ್ರಿ ಸೂಟು ತೊಟ್ಟು ಊಟದ ಕೋಣೆಯ ಅರ್ಧಕ್ಕೆ ಬಂದಿದ್ದೇನೆ, ಹಿಂದಿನಿಂದ ನನ್ನವಳು ತೋಳು ಹಿಡಿದು ಎಳೆದಳು: "ರೀ, ಹಿಂದೆ ನೋಡಿ." ಕೆಂಪು ನೆಲಹಾಸಿನ ಮೇಲೆ ನಾನು ನಡೆದು ಬಂದ ದಾರಿಯುದ್ದಕ್ಕೂ ಕರಿಕಾಳು ಮೆಣಸು ಚೆಲ್ಲಿದ ಹಾಗೆ ಕಪ್ಪು ಚೂರುಗಳು. ಕುರ್ಚಿ ಸೇರುವಷ್ಟರಲ್ಲಿ ಎಡಗಾಲಿನ ಹಿಮ್ಮಡಿಯ ಅರ್ಧ ಭಾಗ ಉದುರಿತ್ತು. ಬಡಿಸುವ ಹುಡುಗ ಸಣ್ಣ ಬ್ರಷ್ ಮತ್ತು ಮೊರದಂಥದ್ದನ್ನು ತಂದು, ನನ್ನತ್ತ ನೋಡದೆ ಗುಡಿಸಿಕೊಂಡು ಹೋದ. ನೋಡಿ ನಕ್ಕಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಅಟ್ಟೆಯ ಕಥೆ ಇದು. ತೂಕ ಕಡಿಮೆ, ಕಾಲಿಗೆ ಮೆತ್ತಗೆ, ಅಂಗಡಿಯಲ್ಲಿ ಹಾಕಿ ನೋಡಿದರೆ ಸ್ವರ್ಗ. ಆದರೆ ಗಾಳಿಯ ತೇವವನ್ನು ಹೀರಿ ವರ್ಷಗಳಲ್ಲಿ ಒಳಗೊಳಗೇ ಮುರಿಯುತ್ತದೆ. ಹಾಕದೆ ಇಟ್ಟ ಶೂಗಳಲ್ಲೇ ಇದು ಹೆಚ್ಚು ಕಾಣುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದ ನಮ್ಮ ಕೊಡಗಿನಲ್ಲಿ ಐದಾರು ಮಳೆಗಾಲ ಬೀರುವಿನಲ್ಲಿ ಕೂತ ಶೂವಿನಿಂದ ಇನ್ನೇನು ನಿರೀಕ್ಷಿಸಬೇಕು? ಮೇಲಿನ ಚರ್ಮದ ಬೂಷ್ಟು ಕಣ್ಣಿಗೆ ಕಾಣುತ್ತದೆ, ಒರೆಸುತ್ತೇವೆ. ಅಟ್ಟೆಯೊಳಗಿನದು ಕಾಣುವುದಿಲ್ಲ. ಫುಕೆಟ್‌ನಲ್ಲಿ ದೋಣಿಯಿಳಿದು ಮೊದಲು ಮಾಡಿದ ಕೆಲಸವೆಂದರೆ ಶೂ ಅಂಗಡಿ ಹುಡುಕಿದ್ದು. ಆರು ಸಾವಿರ ರೂಪಾಯಿಯ ಮೇಲೆ ಹೋಯಿತು, ಅದೂ ಅಳತೆಗೆ ಸರಿಯಾಗದ ಜೋಡಿಗೆ. ಕಡಲತೀರ ನೋಡಿದ್ದು ಅರ್ಧ ಗಂಟೆ.

ಊರಿಗೆ ಬಂದು ಪಟ್ಟು ಹಿಡಿದು ಕೂತೆ. ಬೀರುವಿನಿಂದಲೇ ಶುರು. ನಮ್ಮಲ್ಲಿ ಬಹಳ ಮನೆಗಳಲ್ಲಿ ಮಳೆಗಾಲಕ್ಕೆ ಬೀರುವಿನೊಳಗೆ ಬಲ್ಬು ಉರಿಸುವುದುಂಟು, ನಮ್ಮಲ್ಲೂ ಇತ್ತು. ಆದರೂ ಎರಡು ಮೂರು ವರ್ಷದಿಂದ ಬೆಲ್ಟು, ಶೂ, ಪರ್ಸು ಎಲ್ಲದಕ್ಕೂ ಬೂಷ್ಟು ಹಿಡಿಯುತ್ತಿತ್ತು. ಕಾರಣ ಹೊಳೆದಾಗ ನನಗೇ ನಾಚಿಕೆಯಾಯಿತು: ಕರೆಂಟು ಉಳಿಸಲೆಂದು ಮನೆಯ ಬಲ್ಬುಗಳನ್ನೆಲ್ಲ ಎಲ್‌ಇಡಿಗೆ ಬದಲಾಯಿಸಿದಾಗ ಬೀರುವಿನದನ್ನೂ ಬದಲಾಯಿಸಿದ್ದೆ. ಬೆಳಕಿದೆ, ಕಾವಿಲ್ಲ. ಹಳೆಯ ತಂತಿಯ ಬಲ್ಬು, ನಲವತ್ತು ವಾಟಿನದು, ಮತ್ತೆ ಹಾಕಿದೆ. ಚರ್ಮಕ್ಕೆ ತಾಗದಂತೆ ಒಂದೂವರೆ ಅಡಿ ದೂರದಲ್ಲಿ, ಕೆಳ ಖಾನೆಯಲ್ಲಿ. ಆ ಮಳೆಗಾಲ ಒಂದು ಬಿಳಿ ಚುಕ್ಕೆಯೂ ಬರಲಿಲ್ಲ.

ಆಮೇಲೆ ಶೂ. ಕಪ್ಪು, ಸಾದಾ ಮೂತಿ, ಲೇಸು ಬಿಚ್ಚಿದರೆ ಅಗಲವಾಗಿ ತೆರೆಯುವ ಡರ್ಬಿ. ಲೇಸಿನ ಭಾಗ ಬಿಗಿಯಾಗಿ ಮುಚ್ಚಿರುವ ಆಕ್ಸ್‌ಫರ್ಡ್ ಶೂ ನೋಡಲು ಒಂದು ತೂಕ ಹೆಚ್ಚು ಎಂಬುದನ್ನು ಒಪ್ಪುತ್ತೇನೆ, ಆದರೆ ವಿಮಾನದಲ್ಲಿ ಕಾಲು ಊದಿದಾಗ ಅದು ಇಕ್ಕಳ. ಕಂದು ಬಣ್ಣ ಹಗಲಿಗೆ ಚೆಂದ, ಕಡು ಸೂಟಿನ ಕೆಳಗೆ ರಾತ್ರಿ ಹೊತ್ತು ಎದ್ದು ಕಾಣುತ್ತದೆ. ನಾನು ಆರಿಸಿದ್ದು ಚರ್ಮದ ಅಟ್ಟೆಯದು, ಮೈಸೂರಿನಲ್ಲಿ, ಏಳು ಸಾವಿರದೊಳಗೆ. ಪಾಲಿಯುರೆಥೇನ್ ಬೇಡ ಎಂದಾಗ ಅಂಗಡಿಯವನು, "ಈಗ ಎಲ್ಲರೂ ಅದನ್ನೇ ಕೇಳುತ್ತಾರೆ ಸಾರ್" ಎಂದ. ಕೇಳಲಿ.

ಚರ್ಮದ ಅಟ್ಟೆಗೆ ಒಂದು ದೊಡ್ಡ ದೋಷವಿದೆ, ಒದ್ದೆ ನೆಲದಲ್ಲಿ ಜಾರುತ್ತದೆ. ಹಡಗಿನ ತೆರೆದ ಅಂತಸ್ತು ಸಂಜೆಯ ಹೊತ್ತಿಗೆ ಒದ್ದೆ. ಹೊರಗೆ ನಿಂತು ಸೂರ್ಯಾಸ್ತ ನೋಡಿ ಊಟಕ್ಕೆ ಹೋಗುವವರು ಜಾರುವುದನ್ನು ಕಣ್ಣಾರೆ ಕಂಡಿದ್ದೇನೆ. ಪರೀಕ್ಷೆ ಮಾಡಲು ನನಗೆ ಹಡಗು ಬೇಕಿರಲಿಲ್ಲ, ಮನೆಯ ಮುಂದಿನ ಕಾಫಿ ಕಣವಿತ್ತು. ಆಗಸ್ಟಿನಲ್ಲಿ ಪಾಚಿ ಹಿಡಿದ ಸಿಮೆಂಟಿನ ಕಣಕ್ಕಿಂತ ಜಾರುವ ನೆಲ ಯಾವ ಸಮುದ್ರದಲ್ಲೂ ಇರಲಾರದು. ಹೊಸ ಶೂ ಹಾಕಿ ನಾಲ್ಕು ಹೆಜ್ಜೆ ಇಟ್ಟೆ, ಐದನೆಯದಕ್ಕೆ ಮೊಣಕಾಲು ಊರಿದ್ದೆ. ಪ್ಯಾಂಟು ಹರಿಯಿತು. ತೋಟದ ಕೆಲಸದ ಹೆಂಗಸೊಬ್ಬಳು, "ಸಾವ್ಕಾರರೇ, ಮದುವೆಗೆ ಹೊರಟಿರಾ?" ಎಂದಳು.

ವಿರಾಜಪೇಟೆಯಲ್ಲಿ ಒಬ್ಬರು ಚಪ್ಪಲಿ ರಿಪೇರಿಯವರಿದ್ದಾರೆ. ಎಲ್ಲಿ ಕೂರುತ್ತಾರೆ ಎಂದು ಹೇಳುವುದಿಲ್ಲ, ಈಗಲೇ ಅವರಿಗೆ ಕೈತುಂಬ ಕೆಲಸ. ಚರ್ಮದ ಅಟ್ಟೆಯ ಮೇಲೆ ತೆಳುವಾದ ರಬ್ಬರ್ ಹಾಳೆ ಅಂಟಿಸಿ, ಅಂಚು ಕೆತ್ತಿ, ಹೊರಗಿನಿಂದ ಗೊತ್ತೇ ಆಗದ ಹಾಗೆ ಮಾಡಿಕೊಟ್ಟರು. ಮುನ್ನೂರೈವತ್ತು ರೂಪಾಯಿ. ಮೊದಲ ಸಲ ಅಂಟಿಸಿದ್ದು ಕಣದ ನೀರಿಗೆ ಎರಡೇ ದಿನದಲ್ಲಿ ಬಾಯಿ ಬಿಟ್ಟಿತು. ಎರಡನೆಯ ಸಲ ಅಂಟಿಸುವ ಮುನ್ನ ನಾವಿಬ್ಬರೂ ಸೇರಿ ಒಂದು ಉಪಾಯ ಮಾಡಿದೆವು, ಅದು ನಮ್ಮಿಬ್ಬರಲ್ಲೇ ಇರಲಿ. ಈಗ ಎರಡು ಮಳೆಗಾಲ ಕಳೆದಿದೆ, ಹಾಳೆ ಎದ್ದಿಲ್ಲ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಮುಹೂರ್ತದ ಹೊತ್ತಿಗೆ ದಿನಾ ಮುಕ್ಕಾಲು ಗಂಟೆಯಂತೆ ಕಣದಲ್ಲಿ ನಡೆದು ಶೂವನ್ನು ಕಾಲಿಗೆ ಪಳಗಿಸಿಕೊಂಡಿದ್ದೆ.

ನಡುವೆ ಇನ್ನೊಂದು ಹುಚ್ಚು. ಮನೆಯಲ್ಲಿದ್ದ ಹಳೆಯ ಕಂದು ಶೂವಿನ ಗೀರುಗಳಿಗೆ ಗಟ್ಟಿ ಕಾಫಿ ಡಿಕಾಕ್ಷನ್ ಬಳಿದರೆ ಬಣ್ಣ ಹಿಡಿಯುತ್ತದೆಯೇ ಎಂದು ನೋಡಿದೆ. ಮೂರು ಕೋಟು ಬಳಿದೆ. ಹಿಡಿಯಿತು, ಬಲು ಚೆಂದದ ಬಣ್ಣ. ಮೊದಲ ಮಳೆಗೆ ಅದೆಲ್ಲ ಕಾಲುಚೀಲಕ್ಕೆ ಇಳಿಯಿತು, ನಾಯಿ ಮೂರು ದಿನ ನನ್ನ ಕಾಲು ಬಿಡಲಿಲ್ಲ. ಡಿಕಾಕ್ಷನ್ ಇಳಿಸಿ ಉಳಿದ ಚರಟವನ್ನು ಚೆನ್ನಾಗಿ ಒಣಗಿಸಿ ಬಟ್ಟೆಯಲ್ಲಿ ಕಟ್ಟಿ ಶೂವಿನೊಳಗೆ ಇಟ್ಟದ್ದು ಮಾತ್ರ ವಾಸನೆಗೆ ಒಳ್ಳೆಯ ಮದ್ದಾಯಿತು. ಸರಿಯಾಗಿ ಒಣಗಿರಬೇಕು, ಇಲ್ಲದಿದ್ದರೆ ಅದಕ್ಕೇ ಬೂಷ್ಟು.

ನನ್ನವಳ ಲೆಕ್ಕ ಬೇರೆ, ನನ್ನದಕ್ಕಿಂತ ಸೂಕ್ಷ್ಮ. ಅವಳು ಸೀರೆ ಉಡುವುದು ಕೊಡಗಿನ ಶೈಲಿಯಲ್ಲಿ, ನೆರಿಗೆ ಹಿಂದಕ್ಕೆ. ಹಿಮ್ಮಡಿ ಅರ್ಧ ಇಂಚು ತಗ್ಗಿದರೂ ಸೀರೆಯ ಅಂಚು ಕಾಲ ಕೆಳಗೆ ಸಿಕ್ಕುತ್ತದೆ, ಅರ್ಧ ಇಂಚು ಏರಿದರೆ ಕಣಕಾಲು ಕಾಣುತ್ತದೆ. ಆದ್ದರಿಂದ ಅವಳ ಎರಡೂ ಜೋಡಿ ಒಂದೇ ಎತ್ತರದ್ದಿರಬೇಕು ಎಂದು ಪಟ್ಟು ಹಿಡಿದಳು. ಒಂದು, ಮಾಸಿದ ಚಿನ್ನದ ಬಣ್ಣದ ಪಟ್ಟಿಯ ಸ್ಯಾಂಡಲ್, ದಪ್ಪ ಹಿಮ್ಮಡಿಯದು, ಒಂದೂವರೆ ಇಂಚು. ಹಡಗು ತೂಗಿದಾಗ ಸೂಜಿ ಹಿಮ್ಮಡಿ ನಿಲ್ಲುವುದಿಲ್ಲ. ಇನ್ನೊಂದು, ಹಗಲಿನ ನಡಿಗೆಗೆ ಮುಚ್ಚಿದ ಶೂ, ಒಳಗೆ ಒಂದು ಪದರ ಹಾಕಿ ಎತ್ತರ ಸರಿಮಾಡಿದ್ದು. ಹೆಂಗಸರಿಗೆ ಬೆರಳು ಕಾಣುವ ಸ್ಯಾಂಡಲ್ಲಿಗೆ ಯಾರೂ ತಕರಾರು ತೆಗೆಯುವುದಿಲ್ಲ. ಗಂಡಸರ ಬೆರಳು ಕಂಡರೆ ಮಾತ್ರ ಹಡಗು ಮುಳುಗುತ್ತದೆ.

ನಿಯಮ ಕಂಪನಿಯಿಂದ ಕಂಪನಿಗೆ ಬೇರೆ, ಅದನ್ನು ಇಲ್ಲಿ ಬೆಳೆಸುವುದಿಲ್ಲ. ಕ್ಯುನಾರ್ಡ್‌ನ ಗಾಲಾ ರಾತ್ರಿಗಳಿಗೆ ಡಿನ್ನರ್ ಜಾಕೆಟ್ ಇಲ್ಲವೇ ಕಡು ಬಣ್ಣದ ಸೂಟು ಮತ್ತು ಟೈ. ಸೆಲೆಬ್ರಿಟಿ ಎಂಬ ಹಡಗು ಕಂಪನಿಯವರು ಅದನ್ನೇ ಸಡಿಲಿಸಿ ‘ಈವ್ನಿಂಗ್ ಶಿಕ್’ ಎನ್ನುತ್ತಾರೆ. ಸೂಟು ಬೇಡದ ಕಡೆಯಲ್ಲೂ ಹಣ ಕೊಟ್ಟು ತಿನ್ನುವ ರೆಸ್ಟೋರೆಂಟುಗಳಲ್ಲಿ ಗಂಡಸರಿಗೆ ಉದ್ದ ಪ್ಯಾಂಟು, ಕಾಲರ್ ಅಂಗಿ, ಮುಚ್ಚಿದ ಶೂ ಇದ್ದರೆ ನಿಶ್ಚಿಂತೆ. ಚಪ್ಪಲಿ ಹಾಕಿದವರನ್ನು ಒಳಗೆ ಬಿಡದ ಪ್ಲಾಂಟರ್‌ಗಳ ಕ್ಲಬ್ಬು ನೋಡಿ ಬೆಳೆದ ನಮ್ಮ ಕೊಡಗಿನವರಿಗೆ ಇದೇನು ಹೊಸ ಪಾಠವಲ್ಲ.

2024ರಲ್ಲಿ ರೊಬಸ್ಟಾ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಆ ಧೈರ್ಯದಲ್ಲಿ ಸೆಪ್ಟೆಂಬರ್ ಕೊನೆಗೆ ನಾವಿಬ್ಬರು, ಅಕ್ಕ ಮತ್ತು ಭಾವ ಬಾರ್ಸಿಲೋನಾದಿಂದ ಏಳು ರಾತ್ರಿಯ ಹಡಗು ಹತ್ತಿದೆವು. ಹೊರಡುವ ಹಿಂದಿನ ದಿನ ಮೆಣಸು ತೂಗುವ ತಕ್ಕಡಿಯಲ್ಲಿ ಎಲ್ಲರ ಶೂಗಳನ್ನೂ ತೂಗಿದೆ. ನನ್ನ ಡರ್ಬಿ ಒಂದು ಕಿಲೋ ನೂರು ಗ್ರಾಂ ಇದ್ದಿರಬೇಕು, ಓಟದ ಶೂ ಆರುನೂರು ಚಿಲ್ಲರೆ. ಭಾವನವರ ಐದು ಜೋಡಿ ನಾಲ್ಕು ಕಿಲೋ ದಾಟಿತು. ಡರ್ಬಿ ನನ್ನ ಕಾಲಲ್ಲೇ ಹೋದದ್ದರಿಂದ ಪೆಟ್ಟಿಗೆಯಲ್ಲಿ ನನ್ನ ಪಾಲು ಬರೀ ಓಟದ ಶೂ, ಅದರ ಹೊಟ್ಟೆಯಲ್ಲಿ ಕಾಲುಚೀಲ ಮತ್ತು ಸುತ್ತಿದ ಬೆಲ್ಟು. ಕೊಳದ ಬಳಿಗೆಂದು ಹವಾಯಿ ಚಪ್ಪಲಿಯೂ ಒಂದಿತ್ತು. "ಹಾಗಾದರೆ ಮೂರು ಜೋಡಿ ಆಯಿತಲ್ಲ!" ಎಂದರು ಭಾವ. ಹವಾಯಿ ಚಪ್ಪಲಿಯನ್ನು ಶೂ ಎಂದು ಲೆಕ್ಕ ಹಿಡಿಯುವವರ ಜೊತೆ ವಾದ ಮಾಡುವುದಿಲ್ಲ.

ಮೊದಲ ರಾತ್ರಿಯೇ ಬೇಕೆಂದು ಮೇಜು ಕಾಯ್ದಿರಿಸಿದ್ದೆ. ಪೆಟ್ಟಿಗೆ ಬಂದಿರಲಿಲ್ಲ. ಕೈಚೀಲದಿಂದ ಹೊಸ ಅಂಗಿ ತೆಗೆದು ಹಾಕಿ, ಶೂವಿಗೆ ಬಟ್ಟೆಯಲ್ಲಿ ನಾಲ್ಕು ಸಲ ಉಜ್ಜಿ ಒಳಗೆ ನಡೆದೆ. ನಾನು ಪಾಲಿಶಿಗೆ ಬೆರೆಸುವ ಒಂದು ಪದಾರ್ಥವಿದೆ, ಅಡುಗೆಮನೆಯದೇ. ಹೊಳಪು ಮೂರು ದಿನ ಕೂರುತ್ತದೆ. ಅದನ್ನು ಭಾವನವರಿಗೇ ಹೇಳಿಲ್ಲ, ಇಲ್ಲಿ ಹೇಗೆ ಹೇಳಲಿ?

ಮೂರನೆಯ ರಾತ್ರಿ ಒಂದು ಪ್ರಯೋಗ ಮಾಡಿದೆ. ನನ್ನ ಓಟದ ಶೂ ಪೂರ್ತಿ ಕಪ್ಪು, ಬಿಳಿ ಗೆರೆಯಿಲ್ಲ; ಅದನ್ನೇ ಹಾಕಿ ದೊಡ್ಡ ಊಟದ ಹಾಲಿಗೆ ಹೋದರೆ ಏನಾಗುತ್ತದೆ ಎಂದು ನೋಡಿದೆ. ಯಾರೂ ತಡೆಯಲಿಲ್ಲ. ಮರುದಿನ ಅದೇ ಶೂವಿನಲ್ಲಿ ಹಣ ಕೊಡುವ ರೆಸ್ಟೋರೆಂಟಿಗೆ ಹೋದಾಗ ಬಾಗಿಲಿನವನು ಒಂದು ಕ್ಷಣ ಕೆಳಗೆ ನೋಡಿ, ಅಡುಗೆಮನೆಯ ಬಾಗಿಲಿನ ಪಕ್ಕದ ಮೇಜು ಕೊಟ್ಟ. ತಡೆದಿಲ್ಲ ಎನ್ನಬಹುದು, ಆದರೆ ಊಟದ ಉದ್ದಕ್ಕೂ ಪಾತ್ರೆಗಳ ಸದ್ದು.

ಇನ್ನು ಭಾವನವರ ಐದು ಜೋಡಿಗಳ ಗತಿ. ಒಂದು ರೋಮಿನ ಕಲ್ಲುಹಾಸಿನಲ್ಲಿ ನಡೆದು ಕಾಲು ಬೊಬ್ಬೆಯೆಬ್ಬಿಸಿತು. ಒಂದು ನೇಪಲ್ಸ್‌ನ ಮಳೆಯಲ್ಲಿ ನೆನೆದು, ಕ್ಯಾಬಿನ್ನಿನ ಕೂದಲು ಒಣಗಿಸುವ ಯಂತ್ರದ ಬಿಸಿಗೆ ಮುದುಡಿತು. ಒಂದು ಕಂದು. ಒಂದು ಸ್ಯಾಂಡಲ್. ಐದನೆಯದು, ನಿವೃತ್ತಿಯ ಸಮಾರಂಭಕ್ಕೆಂದು ಕೊಂಡು ಎತ್ತಿಟ್ಟದ್ದು, ಸೂಟಿನ ರಾತ್ರಿ ಲಿಫ್ಟಿನೊಳಗೆ ಉದುರಲು ಶುರುವಾಯಿತು. ಆಗಲೇ ಅವರು ನನ್ನ ಬಾಗಿಲು ತಟ್ಟಿದ್ದು. ಕೊನೆಗೆ ಕಂದು ಶೂವಿಗೆ ನನ್ನ ಕಪ್ಪು ಪಾಲಿಶನ್ನೇ ಬಳಿದು ಕಳಿಸಿದೆ. ಊಟದ ಕೋಣೆಯ ಮಬ್ಬು ಬೆಳಕಿನಲ್ಲಿ ಯಾರಿಗೂ ತಿಳಿಯಲಿಲ್ಲ, ಅಕ್ಕನಿಗೆ ಬಿಟ್ಟು.

ನನ್ನ ಡರ್ಬಿ ಈಗ ಬೀರುವಿನ ಮೇಲಿನ ಖಾನೆಯಲ್ಲಿದೆ. ತಿಂಗಳಿಗೊಮ್ಮೆ ಹಾಕಿಕೊಂಡು ಸಂತೆಗೆ ಹೋಗಿ ಬರುತ್ತೇನೆ, ಸುಮ್ಮನೆ ಇಡುವುದಿಲ್ಲ. ತಂತಿಯ ಬಲ್ಬು ಸಿಗುವುದು ಕಷ್ಟವಾಗುತ್ತಿದೆ. ಗೋಣಿಕೊಪ್ಪದ ಅಂಗಡಿಯೊಂದರಲ್ಲಿ ಧೂಳು ಹಿಡಿದು ಕೂತಿದ್ದ ಆರನ್ನು ಒಟ್ಟಿಗೆ ತಂದಿಟ್ಟೆ. ಮೊನ್ನೆ ಭಾವ ಬಂದವರು ಎರಡು ಕೇಳಿದರು. ಒಂದು ಕೊಟ್ಟಿದ್ದೇನೆ.