ಓದುಗರನ್ನು ಇಬ್ಭಾಗ ಮಾಡಿದ ಚೊಚ್ಚಲ ಫ್ಯಾಂಟಸಿಗೆ ಎರಡನೆಯ ಭಾಗ ಬರೆಯುವ ಬಗೆ

ಚೊಚ್ಚಲ ಕಾದಂಬರಿಯನ್ನು ಕೆಲವರು ಎದೆಗೊತ್ತಿಕೊಂಡು, ಉಳಿದವರು ತಳ್ಳಿಹಾಕಿದ್ದರೆ, ಎರಡನೆಯದನ್ನು ಬರೆಯಲು ಕೂರುವ ಮೊದಲು ಎರಡೂ ಕಡೆಯವರ ಮಾತನ್ನು ಅಕ್ಕಪಕ್ಕ ಇಟ್ಟು ಓದಬೇಕು. ಮೆಚ್ಚಿದವರು ಹೇಳುವುದನ್ನು ಕೈಬಿಡಬಾರದು. ಟೀಕಿಸಿದವರ ಮಾತಿಗೆ ಉತ್ತರವನ್ನು ಮುನ್ನುಡಿಯಲ್ಲಿ ಬರೆಯದೆ ಕಥೆಯ ಕಟ್ಟಡದಲ್ಲೇ ಕೊಡಬೇಕು.

ಅಮೆರಿಕದ ಟೆರಿ ಬ್ರೂಕ್ಸ್ ಅವರ ಚೊಚ್ಚಲ ಕಾದಂಬರಿ ‘ದ ಸ್ವೋರ್ಡ್ ಆಫ್ ಶನಾರಾ’ 1977ರಲ್ಲಿ ಪ್ರಕಟವಾದಾಗ ಭರ್ಜರಿಯಾಗಿ ಮಾರಾಟವಾಯಿತು; ಜೊತೆಗೇ, ಅದರ ಹಂದರವೆಲ್ಲ ‘ದ ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಟೋಲ್ಕಿನ್ ಅವರಿಂದ ಎತ್ತಿಕೊಂಡದ್ದು ಎಂಬ ಕಟುಟೀಕೆಗೂ ಗುರಿಯಾಯಿತು. 1982ರಲ್ಲಿ ಬಂದ ಎರಡನೆಯ ಕಾದಂಬರಿ ‘ದ ಎಲ್ಫ್‌ಸ್ಟೋನ್ಸ್ ಆಫ್ ಶನಾರಾ’ ಈ ಆಕ್ಷೇಪವನ್ನು ಹೇಗೆ ದಾಟಿತು ಎಂಬುದು ಅಭ್ಯಾಸಕ್ಕೆ ತಕ್ಕ ಪಾಠ.

ಬ್ರೂಕ್ಸ್ ಉಳಿಸಿಕೊಂಡದ್ದು ಅದೇ ಲೋಕವನ್ನು, ಅದೇ ಓಮ್ಸ್‌ಫರ್ಡ್ ಮನೆತನವನ್ನು, ನಿಗೂಢ ವ್ಯಕ್ತಿಯಾದ ಅಲನಾನ್‌ನನ್ನು. ಆದರೆ ಮೊದಲ ನಾಯಕನ ಸಾಹಸವನ್ನೇ ಮುಂದುವರಿಸದೆ ಅವನ ಮೊಮ್ಮಗ ವಿಲ್‌ನನ್ನು ತಂದರು. ವಿಲ್ ವೈದ್ಯವಿದ್ಯೆ ಕಲಿಯುತ್ತಿರುವ ಹುಡುಗ. ಹೀಗೆ ಒಂದು ತಲೆಮಾರನ್ನು ದಾಟಿಬಿಟ್ಟರೆ ಹಳೆಯ ಹೋಲಿಕೆಗಳ ಹೊರೆ ಬಹುಪಾಲು ಇಳಿಯುತ್ತದೆ.

ಇದಕ್ಕಿಂತ ಮುಖ್ಯವಾದದ್ದು, ಈ ಪುಸ್ತಕಕ್ಕೆ ಮಾತ್ರ ಸೇರಿದ ಒಂದು ನಿರ್ಧಾರವನ್ನು ಕಥೆಯ ನಡುವೆ ನಿಲ್ಲಿಸುವುದು. ಎಲ್ಕ್ರಿಸ್ ಎಂಬ ಮರ ಬದುಕಿರುವವರೆಗೆ ಮಾತ್ರ ರಾಕ್ಷಸರು ಬಂಧನದಲ್ಲಿರುತ್ತಾರೆ; ಆ ಮರ ಸಾಯುತ್ತಿದೆ. ಮರದ ಸೇವೆಗೆ ಆಯ್ಕೆಯಾಗಿದ್ದ ಆಂಬರ್ಲಿ, ಮರ ತನ್ನೊಡನೆ ಮಾತಾಡಿದಷ್ಟೂ ತಾನು ಕರಗಿಹೋಗುತ್ತಿದ್ದೇನೆಂದು ಅಂಜಿ ಊರು ಬಿಟ್ಟವಳು. ಆ ಮರದ ಬೀಜವನ್ನು ಹೊತ್ತು ದೂರದ ಬೆಂಕಿಗೆ ಮುಟ್ಟಿಸಿ ತರುವ ಹೊಣೆ ಅವಳದೇ, ಮತ್ತು ಕೊನೆಯಲ್ಲಿ ಹೊಸ ಮರವಾಗಿ ನಿಲ್ಲುವವಳೂ ಅವಳೇ. (ಅಂತ್ಯವನ್ನು ಇಲ್ಲಿ ಬಿಟ್ಟುಕೊಡದೆ ಗತ್ಯಂತರವಿಲ್ಲ.) ಆರಂಭದ ಅವಳ ಭಯದಲ್ಲೇ ಈ ಅಂತ್ಯ ಅಡಗಿರುವುದರಿಂದ, ಯುದ್ಧದ ಪುಟಗಳು ಮಾಸಿಹೋದರೂ ಆ ಘಳಿಗೆ ಓದುಗನನ್ನು ಬಿಡುವುದಿಲ್ಲ. ನಿಮ್ಮ ಕರಡಿನಲ್ಲೂ ಇದನ್ನು ಪರೀಕ್ಷಿಸಿ: ಅಂತ್ಯದಲ್ಲಿ ಪಾತ್ರ ತೆರುವ ಬೆಲೆ ಅದು ಮೊದಲಿನಿಂದಲೂ ಹೆದರುತ್ತಿದ್ದುದೇ ಆಗಿದೆಯೇ? ಇಲ್ಲವಾದರೆ ಆರಂಭದ ಅಧ್ಯಾಯಗಳನ್ನು ತಿದ್ದಿ ಬರೆಯಿರಿ.

ಮಾಂತ್ರಿಕ ಶಕ್ತಿಗೂ ಬೆಲೆ ಇರಲಿ. ವಿಲ್ ಎಲ್ಫ್ ಕಲ್ಲುಗಳನ್ನು (ಶೀರ್ಷಿಕೆಯಲ್ಲಿರುವ ಎಲ್ಫ್‌ಸ್ಟೋನ್ಸ್ ಎಂಬ ಮಾಂತ್ರಿಕ ಕಲ್ಲುಗಳನ್ನು) ಬಳಸುವುದು ಅವನ ಮೈಯನ್ನೇ ಮಾರ್ಪಡಿಸುತ್ತದೆ. ಅದರ ಪರಿಣಾಮ 1985ರ ಮೂರನೆಯ ಕಾದಂಬರಿಯಲ್ಲಿ ಅವನ ಮಕ್ಕಳವರೆಗೂ ಹಬ್ಬುತ್ತದೆ.

ಕೊನೆಯದಾಗಿ, ಕರಡನ್ನು ಕೈಬಿಡುವ ಧೈರ್ಯ ಬೇಕು. ಬ್ರೂಕ್ಸ್ ಮೊದಲು ಬೇರೊಂದು ಎರಡನೆಯ ಕಾದಂಬರಿಯನ್ನು ಬಹಳ ದೂರ ಬರೆದಿದ್ದರು. ಸಂಪಾದಕ ಲೆಸ್ಟರ್ ಡೆಲ್ ರೇ ಅದನ್ನು ಬಿಟ್ಟುಬಿಡುವಂತೆ ಹೇಳಿದ ಮೇಲೆಯೇ ಎಲ್ಫ್‌ಸ್ಟೋನ್ಸ್ ಹುಟ್ಟಿತು. ಅಂಥ ಸಂಪಾದಕರು ಸಿಗದಿದ್ದರೆ, ನಿಮ್ಮ ಮೊದಲ ಪುಸ್ತಕವನ್ನು ಕಾರಣ ಕೊಟ್ಟು ತಿರಸ್ಕರಿಸಿದ ಓದುಗರೊಬ್ಬರಿಗೆ, ಕಥೆ ಅರ್ಧಕ್ಕೆ ಬಂದಾಗಲೇ, ಹಸ್ತಪ್ರತಿಯನ್ನು ಕೊಡಿ.