ಬ್ರಿಟನ್ನಿನಲ್ಲಿ ಹಳೇ ಸ್ಪೋರ್ಟ್ಸ್ ಕಾರು: ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದವರು ಪಾನಾ ಹಿಡಿಯುವ ಮೊದಲು

ಬಳ್ಳಾರಿಯಲ್ಲಿ ಕಾರು ಕೆಟ್ಟರೆ ಪರಿಚಯದ ಮಿಸ್ತ್ರಿಗೆ ಒಂದು ಫೋನ್ ಸಾಕು. ಮನೆ ಮುಂದೆಯೇ ಬಂದು ಬಾನೆಟ್ ಎತ್ತುತ್ತಾನೆ. ಬ್ರಿಟನ್ನಿನಲ್ಲಿ ಆ ಸುಖ ಇಲ್ಲ. ಡೀಲರ್ ವರ್ಕ್‌ಶಾಪಿನಲ್ಲಿ ಬರೀ ಕೂಲಿಯೇ ಗಂಟೆಗೆ 100 ಪೌಂಡ್ ದಾಟುವುದು ಮಾಮೂಲಿ. ಹಾಗಾಗಿ ಹಳೇ ಮಜ್ದಾ ಎಂಎಕ್ಸ್-5 ಥರದ ಕಾರು ಕೊಂಡವರು ಇಲ್ಲಿ ರಿಪೇರಿಯನ್ನು ತಾವೇ ಮಾಡಿಕೊಳ್ಳುತ್ತಾರೆ. ಇಲ್ಲಿಗೆ ಬಂದ ನಮ್ಮ ಕಡೆಯ ಹುಡುಗರೂ ಈಗ ಈ ಕಾರಿನ ಆಸೆಗೆ ಬಿದ್ದಿದ್ದಾರೆ. ಒಳ್ಳೆಯ ಆಸೆಯೇ. ಬಿಡಿಭಾಗ ಸುಲಭವಾಗಿ ಸಿಗುತ್ತವೆ, ಎಂಜಿನ್ ಗಟ್ಟಿ, ಬಿಚ್ಚಿ ಕಲಿಯಲು ಇದಕ್ಕಿಂತ ಸರಳ ಸ್ಪೋರ್ಟ್ಸ್ ಕಾರು ಸಿಗುವುದು ಕಷ್ಟ.

ಸ್ವಂತ ಕಾರನ್ನು ರಿಪೇರಿ ಮಾಡಲು ಇಲ್ಲಿ ಯಾರ ಅನುಮತಿಯೂ ಬೇಡ. ಬ್ರೇಕ್ ಕೂಡ ನೀವೇ ಬಿಚ್ಚಬಹುದು. ಆದರೆ ವರ್ಷಕ್ಕೊಮ್ಮೆ ಎಂಓಟಿ ಪರೀಕ್ಷೆಗೆ ಗಾಡಿ ಒಡ್ಡಬೇಕು. ನಮ್ಮಲ್ಲಿ ಲಾರಿಗೆ ಎಫ್‌ಸಿ ಮಾಡಿಸ್ತಾರಲ್ಲ, ಇಲ್ಲಿ ಮೂರು ವರ್ಷ ದಾಟಿದ ಸ್ವಂತ ಕಾರಿಗೂ ಅಂಥದ್ದೇ ಪರೀಕ್ಷೆ. ಕಾರಿಗೆ ಗರಿಷ್ಠ ಫೀ 54.85 ಪೌಂಡ್.

ಈ ಪರೀಕ್ಷೆಯ ಹಳೇ ದಾಖಲೆಗಳೇ ನಿಮ್ಮ ಮೊದಲ ಆಯುಧ. ಸರ್ಕಾರಿ ವೆಬ್‌ಸೈಟಿನಲ್ಲಿ ನಂಬರ್ ಪ್ಲೇಟ್ ಹಾಕಿದರೆ ವರ್ಷ ವರ್ಷದ ಮೈಲೇಜು, ಯಾವಾಗ ಫೇಲ್, ಯಾಕೆ ಫೇಲ್, ಎಲ್ಲ ಪುಕ್ಕಟೆ ಕಾಣುತ್ತದೆ. ಕಾರು ನೋಡಲು ಹೋಗುವ ಮೊದಲು ಅದನ್ನು ಕೂತು ಓದಿ. ಫೇಲ್ ಆದದ್ದಕ್ಕಿಂತ ‘ಅಡ್ವೈಸರಿ’ (ಈಗ ಫೇಲ್ ಅಲ್ಲ, ಆದರೆ ಗಮನವಿರಲಿ ಎಂಬ ಎಚ್ಚರಿಕೆ) ಎಂದು ಬರೆದ ಸಾಲುಗಳನ್ನು ಜಾಸ್ತಿ ನೋಡಿ. ಎರಡು ವರ್ಷ ಬಿಡದೆ ‘ಸಿಲ್‌ನಲ್ಲಿ (ಬಾಗಿಲ ಕೆಳಗಿನ ಉದ್ದನೆಯ ಕಬ್ಬಿಣದ ಅಂಚು) ತುಕ್ಕು’ ಎಂದಿದ್ದು, ಮೂರನೇ ವರ್ಷ ಆ ಸಾಲೇ ಮಾಯವಾಗಿದ್ದರೆ, ವೆಲ್ಡಿಂಗ್ ಬಿಲ್ ತೋರಿಸಿ ಅನ್ನಿ. ಬಿಲ್ ಇಲ್ಲ, ತಳಕ್ಕೆ ಹೊಸದಾಗಿ ಕಪ್ಪು ಬಣ್ಣ ಬಳಿದಿದೆ ಅಂದರೆ ವಾಪಸ್ ಬನ್ನಿ.

ತುಕ್ಕಿನ ವಿಷಯವನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಮ್ಮ ಬಿಸಿಲಿನಲ್ಲಿ ಕಾರಿನ ಬಣ್ಣ ಸುಟ್ಟು ಹೋಗುತ್ತದೆ, ಡ್ಯಾಶ್‌ಬೋರ್ಡ್ ಬಿರಿಯುತ್ತದೆ, ಸಂಡೂರು ಕಡೆಯ ಕೆಂಧೂಳು ಸಂದಿಗೊಂದಿಗೆಲ್ಲ ನುಗ್ಗುತ್ತದೆ. ತಳ ಮಾತ್ರ ಗಟ್ಟಿ ಇರುತ್ತದೆ. ಹಾಗಾಗಿ ತಳ ನೋಡುವ ಅಭ್ಯಾಸ ನಮಗಿಲ್ಲ. ಇಲ್ಲಿ ಚಳಿಗಾಲದಲ್ಲಿ ಹಿಮಗಟ್ಟದಿರಲಿ ಎಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಕಬ್ಬಿಣವನ್ನು ತಿನ್ನುತ್ತದೆ. ಎಂಎಕ್ಸ್-5ಗೆ ಇನ್ನೊಂದು ಕಾಟವೂ ಇದೆ. ಬಟ್ಟೆಯ ಟಾಪ್ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿನ ಎರಡು ತೂತುಗಳಿಂದ ಕೆಳಗೆ ಹರಿಯಬೇಕು. ಎಲೆ, ಕಸ ಕಟ್ಟಿಕೊಂಡರೆ ನೀರು ಒಳಗೇ ನಿಂತು ಹಿಂದಿನ ಚಕ್ರದ ಮುಂಭಾಗದ ಸಿಲ್ ಕೊಳೆಯುತ್ತದೆ. ಬೆರಳಿನಿಂದ ಒತ್ತಿ ನೋಡಿ. ಕಾರ್ಪೆಟ್ ಎತ್ತಿ ತೇವ ಇದೆಯಾ ಮುಟ್ಟಿ ನೋಡಿ. ಸಸ್ಪೆನ್ಷನ್ ಅಥವಾ ಸೀಟ್ ಬೆಲ್ಟ್ ಹಿಡಿದಿರುವ ಜಾಗದಿಂದ 30 ಸೆಂಟಿಮೀಟರ್ ಒಳಗೆ ಬಾಡಿ ತುಕ್ಕಿನಿಂದ ಟೊಳ್ಳಾಗಿದ್ದರೆ ಎಂಓಟಿ ಫೇಲ್. ಅಲ್ಲಿ ಫಿಲ್ಲರ್ ಮೆತ್ತಿದರೆ ನಡೆಯುವುದಿಲ್ಲ, ಸರಿಯಾದ ವೆಲ್ಡಿಂಗೇ ಆಗಬೇಕು. ವೆಲ್ಡಿಂಗ್ ಮಾತ್ರ ಕೈ ಪಳಗಿದವರಿಗೆ ಬಿಡಿ.

ಇನ್ನು ಕಾಗದ ಪತ್ರ. ಭಾರತದ ಲೈಸೆನ್ಸ್ ಮೇಲೆ ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಓಡಿಸಬಹುದು, ಆಮೇಲೆ ಇಲ್ಲಿನ ಪರೀಕ್ಷೆ ಪಾಸಾಗಲೇಬೇಕು. ಹಳೇ ಮಾಲೀಕ ಕಟ್ಟಿದ ರೋಡ್ ಟ್ಯಾಕ್ಸ್ ನಿಮಗೆ ಬರುವುದಿಲ್ಲ, ಮನೆಗೆ ಓಡಿಸಿಕೊಂಡು ಬರುವ ಮೊದಲೇ ನೀವು ಕಟ್ಟಬೇಕು. ತಿಂಗಳುಗಟ್ಟಲೆ ಬಿಚ್ಚಿಡುವ ಯೋಚನೆ ಇದ್ದರೆ ‘ಸಾರ್ನ್’, ಅಂದರೆ ಗಾಡಿ ರಸ್ತೆಗೆ ಇಳಿಯುವುದಿಲ್ಲ ಎಂದು ಸರ್ಕಾರಕ್ಕೆ ಘೋಷಿಸಿ ಟ್ಯಾಕ್ಸ್ ಉಳಿಸಬಹುದು. ಆಗ ಕಾರು ಖಾಸಗಿ ಜಾಗದಲ್ಲೇ ಇರಬೇಕು, ರಸ್ತೆ ಬದಿಯಲ್ಲಿ ನಿಲ್ಲಿಸುವಂತಿಲ್ಲ. ಸ್ಟೀರಿಂಗ್, ಚಕ್ರ, ಸೈಲೆನ್ಸರ್ ಏನೇ ಬದಲಿಸಿದರೂ ಇನ್ಶೂರೆನ್ಸ್ ಕಂಪನಿಗೆ ತಿಳಿಸಿ. ಸುಮ್ನೆ ಇದ್ದುಬಿಟ್ಟರೆ ಕ್ಲೇಮ್ ಹೊತ್ತಿಗೆ ಕೈಕೊಡುತ್ತಾರೆ.

ಎಲ್ಲಿ ಕೂತು ಕೆಲಸ ಮಾಡಬೇಕು ಎನ್ನುವುದು ಊರಲ್ಲಿ ನಮಗೆ ಪ್ರಶ್ನೆಯೇ ಅಲ್ಲ. ಇಲ್ಲಿ ಅದು ದೊಡ್ಡ ಪ್ರಶ್ನೆ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 2005ರ ಒಂದು ಕಾಯ್ದೆ ರಸ್ತೆಯ ಮೇಲೆ ಗಾಡಿ ರಿಪೇರಿ ದಂಧೆ ನಡೆಸುವುದನ್ನು ತಡೆಯುತ್ತದೆ. ದುಡ್ಡಿಗಲ್ಲದೆ ನಿಮ್ಮ ಕಾರನ್ನೇ ಮಾಡಿಕೊಂಡರೆ ತೊಂದರೆ ಇಲ್ಲ, ಆದರೆ ಅಕ್ಕಪಕ್ಕದವರಿಗೆ ಕಿರಿಕಿರಿ ಆಗುವಂತಿದ್ದರೆ ಆ ರಿಯಾಯಿತಿಯೂ ಹೋಗುತ್ತದೆ. ಬಾಡಿಗೆ ಮನೆಯಾದರೆ ಕರಾರು ಪತ್ರ ಓದಿ, ಎಷ್ಟೋ ಕರಾರುಗಳಲ್ಲಿ ಗಾಡಿ ರಿಪೇರಿ ನಿಷಿದ್ಧ. ಮತ್ತೆ, ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ತೂರಬೇಡಿ. ಗಟ್ಟಿ ನೆಲ, ಎತ್ತಿದ ಕಾರನ್ನು ಹೊರುವ ಎರಡು ಆಕ್ಸಲ್ ಸ್ಟ್ಯಾಂಡ್, ಚಕ್ರಕ್ಕೆ ಅಡ್ಡಗಲ್ಲು. ಈ ಮಾತಿನಲ್ಲಿ ರಾಜಿ ಬೇಡ.

ಶುರುವಿಗೆ ಹಿಂದಿನ ಬ್ರೇಕ್ ಒಳ್ಳೆಯ ಕೆಲಸ. 2005ರವರೆಗಿನ ಎಂಎಕ್ಸ್-5ಗಳಲ್ಲಿ ಹಿಂದಿನ ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಜಾಮ್ ಆಗಿ ಹ್ಯಾಂಡ್‌ಬ್ರೇಕ್ ಹಿಡಿಯದೇ ಹೋಗುವುದು ಮಾಮೂಲಿ ರೋಗ. ಪಿಸ್ಟನ್ನನ್ನು ಕ್ಲ್ಯಾಂಪ್ ಹಾಕಿ ಒತ್ತಬೇಡಿ, ಒಳಗಿನ ಯಂತ್ರ ಹಾಳಾಗುತ್ತದೆ. ಕ್ಯಾಲಿಪರ್ ಬೆನ್ನಿಗೆ 14ರ ಪಾನಾ ಕೂರುವ ಬೋಲ್ಟ್ ಇದೆ. ಅದನ್ನು ತೆಗೆದರೆ ಒಳಗೆ 4 ಎಂಎಂ ಅಲೆನ್ ಕೀ ಕೂರುತ್ತದೆ. ಎಡಕ್ಕೆ ತಿರುಗಿಸಿದರೆ ಪಿಸ್ಟನ್ ಒಳಗೆ ಸರಿಯುತ್ತದೆ. ಹೊಸ ಪ್ಯಾಡ್ ಕೂರಿಸಿ, ಪ್ಯಾಡ್ ಡಿಸ್ಕನ್ನು ಹಿಡಿಯುವ ತನಕ ಬಲಕ್ಕೆ ಬಿಗಿ ಮಾಡಿ, ಸುತ್ತಿನ ಮೂರನೇ ಒಂದು ಭಾಗ ಸಡಿಲಿಸಿ. ಚಕ್ರ ಕೈಯಲ್ಲಿ ಸರಾಗ ತಿರುಗಬೇಕು.

ಬಸಿದ ಎಂಜಿನ್ ಆಯಿಲ್ ಚರಂಡಿಗೆ ಸುರಿದರೆ ಅಪರಾಧ. ಡಬ್ಬಿಗೆ ತುಂಬಿ ಕೌನ್ಸಿಲ್‌ನ (ಇಲ್ಲಿನ ನಗರಸಭೆ) ರಿಸೈಕ್ಲಿಂಗ್ ಕೇಂದ್ರಕ್ಕೆ ಒಯ್ಯಿರಿ.

ಕೊನೆಗೆ, ಎಂಓಟಿಗೆ ಎಲ್ಲಿ ಹೋಗಬೇಕು? ಕೆಲವು ಊರುಗಳಲ್ಲಿ ಕೌನ್ಸಿಲ್ಲೇ ನಡೆಸುವ ಪರೀಕ್ಷಾ ಕೇಂದ್ರಗಳಿವೆ, ಸಾರ್ವಜನಿಕರ ಕಾರನ್ನೂ ನೋಡುತ್ತಾರೆ. ಅವರು ರಿಪೇರಿ ಕೆಲಸ ಹಿಡಿಯುವುದಿಲ್ಲ, ಹಾಗಾಗಿ ಇಲ್ಲದ ತಪ್ಪು ಹುಡುಕುವ ಲಾಭ ಅವರಿಗಿಲ್ಲ. ಸ್ವಂತ ರಿಪೇರಿ ಮಾಡುವವರಿಗೆ ನನ್ನ ಮಟ್ಟಿಗೆ ಅದೇ ಸರಿಯಾದ ಜಾಗ. ಫೇಲ್ ಆದರೆ ಪಟ್ಟಿ ಹಿಡಿದು ಮನೆಗೆ ಬನ್ನಿ. ಆದರೆ ಪಟ್ಟಿಯಲ್ಲಿ ‘ಡೇಂಜರಸ್’ ಎಂದಿದ್ದರೆ ಓಡಿಸಿಕೊಂಡು ಬರುವಂತಿಲ್ಲ, ಗಾಡಿಯನ್ನು ಹೇರಿಕೊಂಡೇ ತರಬೇಕು. ಸರಿ ಮಾಡಿ 10 ಕೆಲಸದ ದಿನಗಳ ಒಳಗೆ ಅದೇ ಕೇಂದ್ರಕ್ಕೆ ಒಯ್ದರೆ ಪೂರ್ತಿ ಪರೀಕ್ಷೆ ಬೇಕಿಲ್ಲ, ಫೇಲ್ ಆದ ಭಾಗಗಳನ್ನಷ್ಟೇ ಮತ್ತೆ ನೋಡುತ್ತಾರೆ.